ಶಾಲೆಗೊಂದು ಪಂಚಾಂಗ

ಅಶೋಕವನದಲ್ಲಿ ಸೀತೆಯನ್ನು ಕಂಡು ಮರಳಿದ ಹನುಮಂತನು ತನ್ನವರಿಗೆ ಆಕೆಯ ಸ್ಥಿತಿಯನ್ನು ಬಣ್ಣಿಸುವಾಗ ವಾಲ್ಮೀಕಿ ಅವನ ಬಾಯಿಂದ ಒಂದು ವಿಲಕ್ಷಣವಾದ ಉಪಮೆಯನ್ನು ಆಡಿಸಿದ್ದಾನೆ. ಪಾಡ್ಯದ ದಿನ ಪಾಠ ಓದುವವನ ವಿದ್ಯೆಯಂತೆ ಸೀತೆ ಕೃಶಳಾಗಿದ್ದಾಳೆ ಎಂಬುದು ಅದರ ತಾತ್ಪರ್ಯ. ಅಂದಿನ ಕೇಳುಗರಿಗೆ ಈ ಹೋಲಿಕೆ ತಟ್ಟನೆ ಹೊಳೆದಿರಬೇಕು. ಇಂದಿನ ವಿದ್ಯಾರ್ಥಿಗೆ ಅದಕ್ಕೊಂದು ಟಿಪ್ಪಣಿ ಬೇಕಾಗುತ್ತದೆ. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ ಇವು ಅನಧ್ಯಯನದ ತಿಥಿಗಳು. ಅಮಾವಾಸ್ಯೆಯ ಓದು ಗುರುವನ್ನೂ ಚತುರ್ದಶಿಯ ಓದು ಶಿಷ್ಯನನ್ನೂ ಕೊಲ್ಲುತ್ತದೆಂದು ಮನುಸ್ಮೃತಿ ಹೆದರಿಸುತ್ತದೆ. ರಜೆಯನ್ನು ಇಷ್ಟು ಬಿಗಿಯಾಗಿ ಕಾಪಾಡಿದ ಇಲಾಖೆ ಮುಂದೆ ಹುಟ್ಟಲಿಲ್ಲ!

ಆ ಕಾಲದ ವ್ಯಾಸಂಗಕ್ಕೆ ವಾರ್ಷಿಕ ಕ್ರಮವೂ ಒಂದಿತ್ತು. ಶ್ರಾವಣದಲ್ಲಿಯೋ ಭಾದ್ರಪದದಲ್ಲಿಯೋ ಉಪಾಕರ್ಮ ಮಾಡಿ ವೇದಾಧ್ಯಯನವನ್ನು ತೊಡಗುವುದು, ನಾಲ್ಕೂವರೆ ತಿಂಗಳು ಓದಿ ಪುಷ್ಯದಲ್ಲಿಯೋ ಮಾಘದ ಆದಿಯಲ್ಲಿಯೋ ಉತ್ಸರ್ಜನ ಮಾಡುವುದು. ಅಂದರೆ ಮಳೆಗಾಲದ ನಡುವೆ ಶಾಲೆ ತೆರೆದು ಚಳಿಗಾಲದಲ್ಲಿ ಮುಗಿಯುತ್ತಿತ್ತು. ನೂಲಹುಣ್ಣಿಮೆಯಂದು ಜನಿವಾರ ಬದಲಾಯಿಸುವ ಎಷ್ಟೋ ಮಂದಿಗೆ ತಾವು ಒಂದು ಪ್ರಾಚೀನ ಶಾಲೆಯ ಪ್ರಾರಂಭೋತ್ಸವವನ್ನು ಆಚರಿಸುತ್ತಿದ್ದೇವೆಂಬುದು ನೆನಪಿರಲಾರದು. ಅದು ಕೆಲವರ ಶಾಲೆ ಮಾತ್ರವಾಗಿತ್ತು ಎಂಬ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು.

ಊರಿನ ಮಕ್ಕಳು ಕಲಿಯುತ್ತಿದ್ದ ಕೂಲಿಮಠ, ಐಗಳ ಮಠಗಳ ಸಂಗತಿ ಬೇರೆ. ಅವುಗಳ ವಿಷಯದಲ್ಲಿ ನಮಗೆ ಸಿಕ್ಕಿರುವ ಒಳ್ಳೆಯ ಸಾಕ್ಷ್ಯವೊಂದು ಬಳ್ಳಾರಿಯದು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರ ಜೂನ್ 25ರಂದು ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕವನ್ನು ತರಿಸಬೇಕೆಂದು ಬರೆದನು. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಕಳುಹಿಸಿದನು. ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಇಂಗ್ಲಿಷಿನದು ಒಂದೇ ಒಂದು. ವಿದ್ಯಾರ್ಥಿಗಳು 6,641 ಮಂದಿ. ಶಾಲೆಗೆ ಹನ್ನೆರಡು ಮಕ್ಕಳು ಬೀಳುವಂತಾಯಿತು.

ಆ ವರದಿಯನ್ನು ಓದುವಾಗ ಬೆಳಗಿನ ಚಿತ್ರವೊಂದು ಕಣ್ಣಿಗೆ ಕಟ್ಟುತ್ತದೆ. ಆರು ಗಂಟೆಗೆ ಶಾಲೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವದ ಗುರುತಾಗಿ ಸರಸ್ವತಿಯ ಹೆಸರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತದೆ. ದಿನದ ಆರಂಭಕ್ಕೆ ಇಷ್ಟೊಂದು ನಿಯಮವಿದ್ದ ಆ ಶಾಲೆಯಲ್ಲಿ ವರ್ಷದ ಆರಂಭಕ್ಕೆ ಮಾತ್ರ ನಿಯಮ ಕಾಣುವುದಿಲ್ಲ. ಮಗುವಿಗೆ ಐದು ವರ್ಷ ತುಂಬಿದಾಗ ಗುರುವನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆದು, ಗಣಪತಿಯ ಮುಂದೆ ಕೂರಿಸಿ, ಅಕ್ಕಿಯಲ್ಲಿ ಬೆರಳಿನಿಂದ ಬರೆಯಿಸಿದರೆ ಅದೇ ಪ್ರವೇಶ. ಒಬ್ಬನದು ಚೈತ್ರದಲ್ಲಾಗಬಹುದು, ಇನ್ನೊಬ್ಬನದು ಕಾರ್ತಿಕದಲ್ಲಿ. ತರಗತಿ ಎಂಬ ಗುಂಪು ಇಲ್ಲದ ಕಡೆ ಎಲ್ಲರೂ ಒಂದೇ ದಿನ ಆರಂಭಿಸಬೇಕಾದ ಅಗತ್ಯವೇ ಇಲ್ಲ. ವಾರ್ಷಿಕ ಪರೀಕ್ಷೆ ಬಂದ ಮೇಲೆ ತಾನೆ ಶೈಕ್ಷಣಿಕ ವರ್ಷ ಬರುವುದು? ಮಠದ ಮಕ್ಕಳ ವರ್ಷದಲ್ಲಿ ಎದ್ದು ಕಾಣುತ್ತಿದ್ದುದು ಮಾರ್ನವಮಿ. ಹಳೆಯ ಮೈಸೂರು ಸೀಮೆಯಲ್ಲಿ ಅವರು ಗುರುವಿನೊಡನೆ ಮನೆಮನೆಗೆ ಹೋಗಿ ಚೌಪದಿ ಹಾಡಿ, ಅವನಿಗೆ ಕಾಣಿಕೆ ಕೊಡಿಸಿ, ತಾವು ತಿಂಡಿ ಪಡೆದು ಬರುತ್ತಿದ್ದರು.

ಕ್ಯಾಂಬೆಲ್‌ನ ವರದಿಯಲ್ಲಿ ನೋವಿನ ಮಾತೊಂದಿದೆ. ನಾಡು ಬಡವಾಗುತ್ತಿದೆ, ಮಧ್ಯಮ ಮತ್ತು ಕೆಳವರ್ಗದವರಿಗೆ ಮಕ್ಕಳನ್ನು ಓದಿಸುವ ಶಕ್ತಿಯಿಲ್ಲ, ಎಳೆಯ ಕೈಕಾಲುಗಳು ಚೂರು ಬಲಿಯುತ್ತಲೇ ದುಡಿಮೆಗೆ ಬೇಕಾಗುತ್ತವೆ ಎಂದು ಕಂಪನಿಯ ಅಧಿಕಾರಿಯೇ ಬರೆದಿದ್ದಾನೆ. ಹೊಲದ ವರ್ಷಕ್ಕೂ ಶಾಲೆಯ ವರ್ಷಕ್ಕೂ ಇರುವ ತಿಕ್ಕಾಟದ ಬೇರು ಇಲ್ಲಿದೆ.

1857ರಲ್ಲಿ ಮುಂಬಯಿ, ಮದರಾಸು, ಕಲ್ಕತ್ತೆಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದವು. ಧಾರವಾಡದ ಹುಡುಗನು ಮುಂಬಯಿಯ ಕಡೆಗೂ ಬಳ್ಳಾರಿ, ಮಂಗಳೂರು, ಮೈಸೂರುಗಳ ಹುಡುಗರು ಮದರಾಸಿನ ಕಡೆಗೂ ಮುಖ ಮಾಡಿ ಓದಬೇಕಾಯಿತು. ತಿಥಿಯ ರಜೆ ಹೋಗಿ ಭಾನುವಾರದ ರಜೆ ಬಂತು. ಶಾಲೆಯ ವರ್ಷವನ್ನು ಇನ್ನು ಮೆಟ್ರಿಕ್ಯುಲೇಷನ್ ಪರೀಕ್ಷೆಯೇ ಅಳೆಯತೊಡಗಿತು. ಆದರೆ ಆಗಿನ ವರ್ಷ ನಾವು ತಿಳಿದಂತೆ ಜೂನಿನದಾಗಿರಲಿಲ್ಲ. ಇದಕ್ಕೆ ಸುತ್ತೋಲೆಗಳನ್ನು ಹುಡುಕಬೇಕಾಗಿಲ್ಲ, ಇಬ್ಬರು ಮಹನೀಯರ ಜೀವನಚರಿತ್ರೆ ಸಾಕು. ಗಾಂಧೀಜಿ ಮುಂಬಯಿ ಮೆಟ್ರಿಕ್ ಪರೀಕ್ಷೆಗೆ ಅಹಮದಾಬಾದಿಗೆ ಹೋದದ್ದು 1887ರ ನವೆಂಬರಿನಲ್ಲಿ, ಭಾವನಗರದ ಕಾಲೇಜನ್ನು ಸೇರಿದ್ದು 1888ರ ಜನವರಿಯಲ್ಲಿ. ಗಣಿತಜ್ಞ ರಾಮಾನುಜನ್ ಮದರಾಸಿನ ಮೆಟ್ರಿಕ್ಯುಲೇಷನ್‌ಗೆ ಕುಳಿತದ್ದು 1903ರ ಡಿಸೆಂಬರಿನಲ್ಲಿ, ಕುಂಭಕೋಣದ ಕಾಲೇಜಿಗೆ ಹೋದದ್ದು 1904ರ ಆದಿಯಲ್ಲಿ. ಬೇಸಗೆ ಆಗ ವರ್ಷದ ಕೊನೆಯಾಗಿರಲಿಲ್ಲ, ನಡುವೆ ಬಂದುಹೋಗುತ್ತಿತ್ತು. ನಾವು ಸನಾತನವೆಂದು ಭಾವಿಸಿರುವ ಜೂನ್ ತಿಂಗಳಿಗೆ ಹೀಗೆ ಹೆಚ್ಚು ವಯಸ್ಸಾಗಿಲ್ಲ. 20ನೆಯ ಶತಮಾನದಲ್ಲಿ ಪರೀಕ್ಷೆ ಮಾರ್ಚಿಗೆ ಸರಿದು, ಬೇಸಗೆಯ ರಜೆ ಎರಡು ವರ್ಷಗಳ ನಡುವಣ ಗಡಿಯಾಯಿತು.

ಜಪಾನಿನಲ್ಲಿ ಇದೇ ಬಗೆಯ ಪಲ್ಲಟ ಬೇರೆ ಕಾರಣದಿಂದ ನಡೆಯಿತು. ಪಾಶ್ಚಾತ್ಯರನ್ನು ನೋಡಿ ಸೆಪ್ಟೆಂಬರಿನಲ್ಲಿ ತೆರೆಯುತ್ತಿದ್ದ ವಿದ್ಯಾಸಂಸ್ಥೆಗಳು, 1886ರಲ್ಲಿ ಸರ್ಕಾರ ಹಣಕಾಸಿನ ವರ್ಷವನ್ನು ಏಪ್ರಿಲಿಗೆ ತಂದ ಮೇಲೆ, ಒಂದೊಂದಾಗಿ ಅದರ ಹಿಂದೆ ನಡೆದವು. ಇಂಪೀರಿಯಲ್ ವಿಶ್ವವಿದ್ಯಾನಿಲಯಗಳು ಮಣಿದದ್ದು 1921ರಲ್ಲಿ. ಅಲ್ಲಿ ಖಜಾನೆ ಶಾಲೆಯನ್ನು ಎಳೆಯಿತು. ನಮ್ಮಲ್ಲಿಯೂ 1867ರಿಂದ ಹಣಕಾಸಿನ ವರ್ಷ ಏಪ್ರಿಲಿನದೇ. ಕನ್ನಡ ಶಾಲೆ ಅದಕ್ಕೆ ಬಗ್ಗಲಿಲ್ಲ, ಮಳೆಗೆ ಬಗ್ಗಿತು.

ಆದರೆ ಯಾವ ಮಳೆಗೆ? ಕರ್ನಾಟಕದಲ್ಲಿ ಒಂದೇ ಮಳೆಗಾಲವೆಂಬುದಿಲ್ಲ. ಶಾಲೆ ತೆರೆಯುವ ಹೊತ್ತಿಗೆ ರೋಹಿಣಿ ನಡೆಯುತ್ತಿದ್ದು ಮೃಗಶಿರೆ ಹತ್ತಿರವಾಗಿರುತ್ತದೆ. ಮುಂಗಾರಿನ ಸೀಮೆಯಲ್ಲಿ ಬಿತ್ತನೆಯ ಗಡಿಬಿಡಿ. ಮಲೆನಾಡಿನಲ್ಲಿ ಆರಿದ್ರೆ, ಪುನರ್ವಸುಗಳು ಹಳ್ಳ ತುಂಬಿಸಿ ಹುಡುಗರನ್ನು ಆಚೆ ದಡದಲ್ಲಿಯೇ ನಿಲ್ಲಿಸುತ್ತವೆ. ಬಯಲುಸೀಮೆಯ ಕರಿನೆಲದಲ್ಲಿ ಹಿಂಗಾರಿ ಜೋಳದ ಕೊಯ್ಲು ಬರುವುದು ಫೆಬ್ರುವರಿಯ ಹೊತ್ತಿಗೆ, ಪರೀಕ್ಷೆಯ ಹೊಸ್ತಿಲಲ್ಲಿ. ನಾನು ಪಾಠ ಹೇಳುತ್ತಿದ್ದ ಆ ಕಡೆಯ ಕಾಲೇಜಿನಲ್ಲಿ ಆ ದಿನಗಳಲ್ಲಿ ಹಿಂದಿನ ಬೆಂಚುಗಳು ಖಾಲಿಯಾಗಿರುತ್ತಿದ್ದವು. ಹಾಜರಿ ಪುಸ್ತಕ ನೋಡಿದರೆ ಯಾರ ಮನೆಗೆ ಹೊಲವುಂಟು, ಯಾರು ಕೂಲಿಗೆ ಹೋಗುವವರು ಎಂದು ಹೇಳಬಹುದಾಗಿತ್ತು. 1956ರಲ್ಲಿ ಬೇರೆ ಬೇರೆ ಆಡಳಿತಗಳಲ್ಲಿದ್ದ ಪ್ರದೇಶಗಳು ಕೂಡಿ ಒಂದು ರಾಜ್ಯವಾದುದು ನಮ್ಮ ಸೌಭಾಗ್ಯ. ಆಗುಂಬೆಗೂ ರಾಯಚೂರಿಗೂ ಒಂದೇ ಶಾಲಾ ಪಂಚಾಂಗ ಬಂದುದನ್ನು ಆ ಸೌಭಾಗ್ಯದ ಲೆಕ್ಕಕ್ಕೆ ಸೇರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಏಕರೂಪದ ಮೋಹ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಕಾಶ್ಮೀರವನ್ನು ನೋಡಬಹುದು. ಹಿಮದ ನಾಡಿನಲ್ಲಿ ಪರೀಕ್ಷೆಗಳು ಅಕ್ಟೋಬರ್, ನವೆಂಬರುಗಳಲ್ಲಿ ಮುಗಿಯುತ್ತಿದ್ದವು. 2022ರಲ್ಲಿ, ದೇಶದ ಉಳಿದ ಭಾಗಗಳಿಗೆ ಸರಿಹೊಂದಲೆಂದು ಅವನ್ನು ಮಾರ್ಚಿಗೆ ಸರಿಸಿದರು. ಚಳಿಗಾಲದ ದೀರ್ಘ ರಜೆ ಪರೀಕ್ಷೆಯ ಮುಂಚೆಯೇ ಬಂದು ಕೂತಿತು. 2024ರಲ್ಲಿ ಒಂಬತ್ತನೆಯ ತರಗತಿಯವರೆಗೆ ಹಳೆಯ ಕ್ರಮವನ್ನು ಮರಳಿ ತಂದರು.

ನಮ್ಮಲ್ಲಿಯೂ ಬದಲಾವಣೆ ಅಸಾಧ್ಯವೇನಲ್ಲ. ಕೋವಿಡ್ಡಿನಲ್ಲಿ ಕಲಿಕೆ ಹಿಂದೆ ಬಿದ್ದಿತೆಂದು 2022ರಲ್ಲಿ ಮೇ 16ಕ್ಕೇ ಶಾಲೆಗಳನ್ನು ತೆರೆದರು. 2025ರಲ್ಲಿ ಸಮೀಕ್ಷೆಗೆ ಅಧ್ಯಾಪಕರು ಬೇಕಾದರೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಿದರು. ಸರ್ಕಾರಕ್ಕೆ ಅಗತ್ಯ ಬಿದ್ದಾಗ ಪಂಚಾಂಗ ಬಾಗುತ್ತದೆ. ಜೋಳ ಕೊಯ್ಯುವವನ ಅಗತ್ಯಕ್ಕೂ ಬಾಗಬಹುದೇ ಎಂಬುದು ಪ್ರಶ್ನೆ.

2009ರ ಶಿಕ್ಷಣ ಹಕ್ಕಿನ ಕಾಯಿದೆ ಐದನೆಯ ತರಗತಿಯವರೆಗೆ ವರ್ಷಕ್ಕೆ 200, ಆರರಿಂದ ಎಂಟರವರೆಗೆ 220 ಕೆಲಸದ ದಿನಗಳಿರಬೇಕೆಂದು ಎಣಿಸಿ ಹೇಳಿದೆ. ಅದರ ಒಂಬತ್ತನೆಯ ಕಲಮು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಆ ಪಟ್ಟಿಯ ಕೊನೆಯಲ್ಲಿ, ಕಣ್ಣು ತಪ್ಪಿಹೋಗುವಂತೆ, ಶೈಕ್ಷಣಿಕ ಪಂಚಾಂಗವನ್ನು ನಿರ್ಧರಿಸುವುದೂ ಸೇರಿದೆ. ಒಮ್ಮೆ ಪರಿಚಯದ ಗ್ರಾಮ ಪಂಚಾಯಿತಿ ಸದಸ್ಯರೊಬ್ಬರಿಗೆ ಇದನ್ನು ಓದಿ ಹೇಳಿದೆ. ಅವರು ಗಾಬರಿಯಿಂದ, "ಹಂಗಾದ್ರ ಮಾಸ್ತರ ಪಗಾರನೂ ನಾವ ಕೊಡಬೇಕೇನ್ರೀ ಸರ?" ಎಂದು ಕೇಳಿದರು. ಹಾಗೇನಿಲ್ಲ, ಕೊಯ್ಲಿನ ಎರಡು ವಾರ ಶಾಲೆಗೆ ಬಿಡುವು ಕೊಟ್ಟು ಬೇರೆ ತಿಂಗಳಲ್ಲಿ ಆ ದಿನಗಳನ್ನು ತುಂಬಿಕೊಳ್ಳಿರೆಂದು ನೀವು ಕೇಳಬಹುದು ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಯಾರಿಗೆ ಅರ್ಜಿ ಬರೆಯಬೇಕೆಂದು ವಿಚಾರಿಸಿದರು.