ತೇಲುವ ತತ್ತಿ, ಮುಳುಗುವ ತತ್ತಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಕರೆ ಮಾಡಿದ್ದಳು. ಉಗಾರ ಬುದ್ರುಕದಲ್ಲಿ ನನ್ನಲ್ಲಿ ಕಲಿತ ಹುಡುಗಿ. ಈಗ ನಮ್ಮ ಸೀಮೆಯದೇ ಒಂದು ಪ್ರಾಥಮಿಕ ಶಾಲೆಯ ಮುಖ್ಯಾಧ್ಯಾಪಕಿ. ಕುಶಲೋಪರಿ ಮುಗಿಯುವ ಮೊದಲೇ ತನ್ನ ಸಂಕಟವನ್ನು ಮುಂದಿಟ್ಟಳು.

"ಗುರುಜಿ, ತತ್ತಿ ನೀರಾಗ ಹಾಕಿ ನೋಡ್ತೀವ್ರಿ. ತೇಲಿದ್ದು ಒಗೀತೀವಿ, ಮುಳುಗಿದ್ದು ಕುದಸ್ತೀವಿ. ಇವತ್ತ ಹದಿನೇಳು ತತ್ತಿ ಅಡ್ಡ ಬೀಳಲೂ ಇಲ್ಲ, ತೇಲಲೂ ಇಲ್ಲ. ತಳದಾಗ ನೆಟ್ಟಗ ನಿಂತಾವ. ಇವನ್ನ ಹುಡುಗ್ರಿಗೆ ಕೊಡಬೇಕೋ ಬ್ಯಾಡೋ? ನಮ್ಮ ಮನ್ಯಾಗಂತೂ ತತ್ತಿ ತರಂಗಿಲ್ಲ, ನನಗೇನ ಗೊತ್ತಾಗಬೇಕ್ರಿ?"

ನಮ್ಮ ಮನೆಯಲ್ಲಿಯೂ ತತ್ತಿಯ ಬಳಕೆಯಿಲ್ಲ. ತಾನು ತಿನ್ನದ ವಸ್ತುವಿನ ಗುಣಾವಗುಣಗಳಿಗೆ ತಾನೇ ಜಾಮೀನಾಗಬೇಕಾದ ಆಕೆಯ ಇಕ್ಕಟ್ಟು ನನಗೆ ಚೆನ್ನಾಗಿ ಅರ್ಥವಾಯಿತು. ನಿಂತ ತತ್ತಿಗಳನ್ನು ಬೇರೆಯಾಗಿರಿಸಿ, ಅಂದೇ ಚೆನ್ನಾಗಿ ಕುದಿಸಿ ಕೊಡಬಹುದೆಂದು ಹೇಳಿದೆ. ಆದರೆ ಕಾರಣವಿಲ್ಲದ ಉತ್ತರವು ಶಿಕ್ಷಕನಿಗೆ ಶೋಭಿಸದು. ಆ ಕಾರಣವನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಈ ಪ್ರಶ್ನೆ ನಮ್ಮ ಶಾಲೆಗಳಿಗೆ ಬಂದುದು ಇತ್ತೀಚೆಗೆ. ಕರ್ನಾಟಕದ ಸರ್ಕಾರಿ ಶಾಲೆಗಳ ಮಧ್ಯಾಹ್ನದ ಊಟದೊಡನೆ ಮೊಟ್ಟೆ ಕೊಡುವ ಯೋಜನೆಯು 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಆರಂಭವಾಯಿತು. 2022ರಲ್ಲಿ ಅದು ರಾಜ್ಯದ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. 2024ರ ಸೆಪ್ಟೆಂಬರಿನಿಂದ, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ, ವಾರದ ಆರೂ ದಿನ ಕೊಡುವ ಏರ್ಪಾಡಾಯಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಕೊಡಬೇಕೋ ಬೇಡವೋ ಎಂಬ ಚರ್ಚೆ ಸಾಕಷ್ಟು ನಡೆದಿದೆ. ಅದನ್ನು ಇಲ್ಲಿ ಮುಂದುವರಿಸುವುದಿಲ್ಲ. ಕೊಡುವುದಾದ ಮೇಲೆ ಮಗುವಿನ ಕೈಗೆ ಹೋಗುವುದು ಒಳ್ಳೆಯದೇ ಆಗಿರಬೇಕು ಎಂಬಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು.

ನಮ್ಮ ಕೃಷ್ಣಾ ತೀರದ ಸೀಮೆಯಲ್ಲಿ ಈ ವಿಷಯದ ಲಿಖಿತ ತಿಳಿವಳಿಕೆ ವಿರಳವಾಗಿರುವುದು ಆಶ್ಚರ್ಯವಲ್ಲ. ಆಚಾರ್ಯ ವಿದ್ಯಾನಂದರು ಹುಟ್ಟಿದ ಶೇಡಬಾಳ, ಆಚಾರ್ಯ ವಿದ್ಯಾಸಾಗರರು ಹುಟ್ಟಿದ ಸದಲಗಾ ಇರುವ ನಾಡು ಇದು. ಕನ್ನಡದ ಹಳೆಯ ಪಾಕಗ್ರಂಥವಾದ ಮೂರನೆಯ ಮಂಗರಸನ 'ಸೂಪಶಾಸ್ತ್ರ'ವೂ ಜೈನ ಕವಿಯೊಬ್ಬನ ಸಸ್ಯಾಹಾರದ ಗ್ರಂಥವೇ. ಆದರೆ ಗ್ರಂಥದಲ್ಲಿಲ್ಲದ ವಿದ್ಯೆ ಸಂತೆಯಲ್ಲಿತ್ತು. ಜವಾರಿ ಕೋಳಿಯ ತತ್ತಿಗಳನ್ನು ಬುಟ್ಟಿಯಲ್ಲಿಟ್ಟು ಮಾರಲು ಕೂರುತ್ತಿದ್ದ ಹೆಣ್ಣುಮಕ್ಕಳು ತತ್ತಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದರು. ಬಿಸಿಲಿಗೆ ಅಡ್ಡ ಹಿಡಿದು ನೋಡುತ್ತಿದ್ದರು. ಒಳಗೆ ಕುಲುಕಿದರೆ ಹಳೆಯದು, ಕುಲುಕದಿದ್ದರೆ ಹೊಸದು. ಈ ಪರೀಕ್ಷೆಯಲ್ಲಿ ಎಷ್ಟು ಸತ್ಯವಿತ್ತೆಂಬುದು ಮುಂದೆ ತಿಳಿಯುತ್ತದೆ.

ನೀರಿನ ಪರೀಕ್ಷೆಯೂ ಹಳೆಯದೇ. 1747ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಹ್ಯಾನಾ ಗ್ಲಾಸ್ ಎಂಬಾಕೆಯ ಪಾಕಪುಸ್ತಕವು ತತ್ತಿಯನ್ನು ತಣ್ಣೀರಿನಲ್ಲಿ ಬಿಟ್ಟು ನೋಡಲು ಹೇಳುತ್ತದೆ: ಹೊಸದಾದಷ್ಟೂ ಬೇಗ ತಳ ಸೇರುತ್ತದೆ, ಕೊಳೆತದ್ದು ಮೇಲೆ ತೇಲುತ್ತದೆ. ಹೀಗೇಕೆ ಎಂಬುದನ್ನು ಆಕೆ ಹೇಳುವುದಿಲ್ಲ. ಅದಕ್ಕೆ ಎರಡೇ ವರ್ಷಗಳ ನಂತರ, 1749ರಲ್ಲಿ, ಉಷ್ಣಮಾಪಕದಿಂದ ಪ್ರಸಿದ್ಧನಾದ ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್ ಕೋಳಿ ಸಾಕಣೆಯ ಬಗ್ಗೆ ಪುಸ್ತಕವೊಂದನ್ನು ಪ್ರಕಟಿಸಿದನು. ತತ್ತಿಯ ಚಿಪ್ಪು ಮುಚ್ಚಿದ ಗೋಡೆಯಲ್ಲ, ಅದರ ಮೂಲಕ ಒಳಗಿನ ತೇವ ಆವಿಯಾಗಿ ಹೋಗುತ್ತಲೇ ಇರುತ್ತದೆ ಎಂಬುದನ್ನು ಅವನು ಬಲ್ಲವನಾಗಿದ್ದನು. ಚಿಪ್ಪಿಗೆ ವಾರ್ನಿಶ್ ಬಳಿದು, ಕೊಬ್ಬು ಸವರಿ, ಆ ಸೋರಿಕೆಯನ್ನು ತಡೆದರೆ ತತ್ತಿ ಬಹುಕಾಲ ಉಳಿಯುವುದೆಂದು ತೋರಿಸಿದನು. ಸುಣ್ಣದ ತಿಳಿನೀರಿನಲ್ಲಿ ತತ್ತಿಯನ್ನು ಅದ್ದಿಡುವ ಪದ್ಧತಿಯ ಹಿಂದಿರುವ ತತ್ತ್ವವೂ ಹೆಚ್ಚುಕಡಿಮೆ ಇದೇ: ಸುಣ್ಣದ ಸೂಕ್ಷ್ಮ ಕಣಗಳು ಚಿಪ್ಪಿನ ರಂಧ್ರಗಳನ್ನು ತುಂಬಿಬಿಡುತ್ತವೆ.

ಆ ರಂಧ್ರಗಳು ಕಣ್ಣಿಗೆ ಕಾಣದಿದ್ದರೂ ಒಂದೊಂದು ತತ್ತಿಯಲ್ಲಿ ಸಾವಿರಾರಿವೆ. ಮರಿಯು ಉಸಿರಾಡಲೆಂದು ಪ್ರಕೃತಿ ಮಾಡಿದ ವ್ಯವಸ್ಥೆ ಅದು. ಕೋಳಿಯ ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಇಟ್ಟ ತತ್ತಿ ತಣ್ಣಗಾದಾಗ ಒಳಗಿನ ದ್ರವ ಕುಗ್ಗಿ, ದಪ್ಪ ತುದಿಯಲ್ಲಿ ಚಿಕ್ಕ ಗಾಳಿಗೂಡು ಉಂಟಾಗುತ್ತದೆ. ದಿನ ಕಳೆದಂತೆ ನೀರಿನ ಆವಿ ಹೊರಹೋಗಿ ಈ ಗಾಳಿಗೂಡು ದೊಡ್ಡದಾಗುತ್ತದೆ. ಚಿಪ್ಪು ಕುಗ್ಗುವುದಿಲ್ಲ, ತೂಕ ಮಾತ್ರ ಇಳಿಯುತ್ತದೆ. ಎಂಟನೆಯ ತರಗತಿಯಲ್ಲಿ ನಾವು ಓದಿದ ಆರ್ಕಿಮಿಡೀಸನ ತತ್ತ್ವ ಇಲ್ಲಿ ನೆನಪಾಗಬೇಕು. ತಾನು ಪಕ್ಕಕ್ಕೆ ಸರಿಸಿದ ನೀರಿಗಿಂತ ತತ್ತಿ ಭಾರವಾಗಿರುವವರೆಗೆ ಅದು ಮುಳುಗಿರುತ್ತದೆ. ಗಾಳಿಗೂಡು ದೊಡ್ಡದಾದಂತೆ ಮೊದಲು ದಪ್ಪ ತುದಿ ಮೇಲೇಳುತ್ತದೆ, ಬಳಿಕ ತತ್ತಿ ನೆಟ್ಟಗೆ ನಿಲ್ಲುತ್ತದೆ, ಕೊನೆಗೆ ತೇಲುತ್ತದೆ. ಆದುದರಿಂದ ನೀರಿನ ಪರೀಕ್ಷೆ ಹೇಳುವುದು ತತ್ತಿಯ ವಯಸ್ಸನ್ನು; ಅದರ ಆರೋಗ್ಯವನ್ನಲ್ಲ. ಗ್ಲಾಸ್ ಪುಸ್ತಕದ ಸೂತ್ರ ಇವೆರಡನ್ನೂ ಒಂದೇ ಎಂದು ಭಾವಿಸಿತ್ತು. ನನ್ನ ವಿದ್ಯಾರ್ಥಿನಿಯ ಗೊಂದಲಕ್ಕೂ ಅದೇ ಮೂಲ.

ಹಾಗಾದರೆ ತತ್ತಿ ಕೊಳೆಯುವುದು ಯಾವುದರಿಂದ? ಈ ಪ್ರಶ್ನೆಯನ್ನು ಪ್ರಯೋಗಶಾಲೆಗೆ ಒಯ್ದವನು ಲೂಯಿ ಪಾಶ್ಚರನ ಶಿಷ್ಯನಾದ ಯುಲಿಸ್ ಗೇಯೋನ್. ಜೀವಾಣುಗಳು ಹೊರಗಿನಿಂದ ಬಾರದೆ ಕೊಳೆತವಿಲ್ಲವೆಂದು ಗುರು ಹೇಳುತ್ತಿದ್ದನು. ಎಲ್ಲ ಕಡೆಯಿಂದಲೂ ಮುಚ್ಚಿರುವಂತೆ ಕಾಣುವ ತತ್ತಿ ತಾನಾಗಿಯೇ ಕೊಳೆಯುವುದಲ್ಲ ಎಂದು ವಿರೋಧಿಗಳು ಕೇಳುತ್ತಿದ್ದರು. ಗೇಯೋನ್ 1870ರ ದಶಕದಲ್ಲಿ ಕೊಳೆತ ತತ್ತಿಗಳನ್ನು ಒಡೆದು ಪರೀಕ್ಷಿಸಿ, ಅವುಗಳಲ್ಲಿ ಸೂಕ್ಷ್ಮಜೀವಿಗಳಿರುವುದನ್ನು ಕಂಡನು. ಚಿಪ್ಪು ಕಟ್ಟುವ ಮೊದಲೇ, ಕೋಳಿಯ ಅಂಡನಾಳದಲ್ಲಿಯೇ ಅವು ತತ್ತಿಯೊಳಗೆ ಸೇರಬಹುದೆಂದೂ ಸೂಚಿಸಿದನು. ಆ ಸೂಚನೆಯ ಗಂಭೀರತೆ ಜಗತ್ತಿಗೆ ಪೂರ್ತಿ ತಿಳಿಯಲು ನೂರು ವರ್ಷಗಳೇ ಬೇಕಾದವು.

ಇಷ್ಟು ರಂಧ್ರಗಳಿದ್ದೂ ತತ್ತಿ ಮರುದಿನವೇ ಏಕೆ ಕೊಳೆಯುವುದಿಲ್ಲ ಎಂಬುದು ಇನ್ನೂ ಸ್ವಾರಸ್ಯಕರವಾದ ಪ್ರಶ್ನೆ. ಇದರ ಉತ್ತರದ ಒಂದು ಭಾಗ ದೊರೆತುದು ಅಲೆಕ್ಸಾಂಡರ್ ಫ್ಲೆಮಿಂಗ್‌ನಿಂದ. ಪೆನಿಸಿಲಿನ್ನಿಗೆ ಮೊದಲೇ, 1922ರಲ್ಲಿ, ಆತ ಮೂಗಿನ ಲೋಳೆಯಲ್ಲಿಯೂ ಕಣ್ಣೀರಿನಲ್ಲಿಯೂ ಕೆಲವು ಬ್ಯಾಕ್ಟೀರಿಯಗಳನ್ನು ಕರಗಿಸುವ ವಸ್ತುವೊಂದನ್ನು ಕಂಡು ಅದಕ್ಕೆ ಲೈಸೋಜೈಮ್ ಎಂದು ಹೆಸರಿಟ್ಟನು. ಅದು ಹೇರಳವಾಗಿ ದೊರೆತುದು ತತ್ತಿಯ ಬಿಳಿಯಲ್ಲಿ. 1965ರಲ್ಲಿ ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು ಇದೇ ಲೈಸೋಜೈಮಿನ ಅಣುರಚನೆಯನ್ನು ಬಿಡಿಸಿ ತೋರಿಸಿದರು. ಹಾಗೆ ರಚನೆ ತಿಳಿದ ಮೊದಲ ಕಿಣ್ವ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡವೂ ಮುಂದೆ ಅದರ ಹರಳುಗಳಲ್ಲಿ ನೀರಿನ ಪಾತ್ರವೇನೆಂಬುದನ್ನು ಅಭ್ಯಾಸ ಮಾಡಿತು. ಉತ್ತರದ ಇನ್ನೊಂದು ಭಾಗ 1944ರಲ್ಲಿ ಹೊರಬಂದಿತು: ಬಿಳಿಯಲ್ಲಿರುವ ಬೇರೊಂದು ಪ್ರೋಟೀನು ಕಬ್ಬಿಣದ ಅಂಶವನ್ನು ಬಿಗಿಯಾಗಿ ಹಿಡಿದುಕೊಂಡು, ಸೂಕ್ಷ್ಮಜೀವಿಗಳಿಗೆ ಸಿಗದಂತೆ ಮಾಡುತ್ತದೆ. ಕಬ್ಬಿಣವಿಲ್ಲದೆ ಅವು ವೃದ್ಧಿಯಾಗಲಾರವು.

ಬೆಳಗಾವಿಯ ಕೋಟೆಯನ್ನು ನೋಡಿದವರಿಗೆ ಇದನ್ನು ತಿಳಿಸುವುದು ಸುಲಭ. ಚಿಪ್ಪು ಕೋಟೆಯ ಗೋಡೆ, ಬಿಳಿ ಅದರ ಕಂದಕ, ಹಳದಿ ಒಳಗಿನ ಕಣಜ. ನಿಜವಾದ ಆಹಾರವಿರುವುದು ಕಣಜದಲ್ಲಿ. ಹೊಸ ತತ್ತಿಯಲ್ಲಿ ಗಟ್ಟಿಯಾದ ಬಿಳಿಯು ಹಳದಿಯನ್ನು ನಡುವೆ ಹಿಡಿದಿರಿಸುತ್ತದೆ. ಆದರೆ ನೀರಾವಿಯೊಡನೆ ಇಂಗಾಲದ ಡೈಆಕ್ಸೈಡ್ ಕೂಡ ಹೊರಹೋಗುವುದರಿಂದ ಬಿಳಿಯ ಕ್ಷಾರತೆ ಏರುತ್ತದೆ: ಇಟ್ಟ ದಿನ ಸುಮಾರು 7.6 ಇದ್ದ ಪಿಎಚ್ ಕೆಲವು ದಿನಗಳಲ್ಲಿ 9ನ್ನು ದಾಟುತ್ತದೆ. ಅದರೊಡನೆ ಗಟ್ಟಿ ಬಿಳಿ ನೀರಾಗುತ್ತದೆ. ಹಳದಿಯ ಪೊರೆ ಸಡಿಲಗೊಂಡು ಅದರ ಕಬ್ಬಿಣ ಬಿಳಿಗೆ ಸೋರುತ್ತದೆ. ಹಳದಿಯೇ ತೇಲಿ ಬಂದು ಗೋಡೆಗೆ ತಾಗುತ್ತದೆ. ಸಂತೆಯ ಹೆಣ್ಣುಮಕ್ಕಳು ಕಿವಿಯಿಂದ ಕೇಳುತ್ತಿದ್ದುದು ಈ ಬದಲಾವಣೆಯನ್ನೇ. ವಯಸ್ಸು ತಾನೇ ಕೊಳೆತವಲ್ಲ; ಆದರೆ ಕಂದಕವನ್ನು ಬತ್ತಿಸಿ ಶತ್ರುವಿಗೆ ದಾರಿ ಮಾಡಿಕೊಡುವುದು ವಯಸ್ಸೇ. ನಮ್ಮ ಬೇಸಿಗೆಯ ಬಿಸಿಲು ಈ ಕೆಲಸವನ್ನು ಇನ್ನಷ್ಟು ಅವಸರದಿಂದ ಮಾಡುತ್ತದೆ.

ಇದನ್ನು ಅಳೆಯುವ ವಿಧಾನ 1937ರಲ್ಲಿ ಬಂದಿತು. ಅಮೆರಿಕದ ರೇಮಂಡ್ ಹಾ ಎಂಬಾತ, ತತ್ತಿಯನ್ನು ಸಮತಟ್ಟಾದ ಗಾಜಿನ ಮೇಲೆ ಒಡೆದು, ಗಟ್ಟಿ ಬಿಳಿಯ ಎತ್ತರವನ್ನು ಅಳೆದು, ತತ್ತಿಯ ತೂಕದೊಡನೆ ಲೆಕ್ಕ ಹಾಕುವ ಸೂತ್ರ ಕೊಟ್ಟನು. 'ಹಾ ಮಾನ' 72 ಅಥವಾ ಹೆಚ್ಚಿದ್ದರೆ ಅಮೆರಿಕದಲ್ಲಿ ಅತ್ಯುತ್ತಮ ದರ್ಜೆ. ಅದೇ 1937ರಲ್ಲಿ ನಮ್ಮ ದೇಶದಲ್ಲಿ ಕೃಷಿ ಉತ್ಪನ್ನಗಳ ವರ್ಗೀಕರಣದ ಕಾಯಿದೆ, ಅಂದರೆ ಅಗ್‌ಮಾರ್ಕ್‌ಗೆ ಆಧಾರವಾದ ಕಾಯಿದೆ, ಜಾರಿಗೆ ಬಂದಿತು. ಇವರಿಗಿಂತ ಮೊದಲೇ ಮೇರಿ ಪೆನ್ನಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞೆ, 1908ರಲ್ಲಿ ಅಮೆರಿಕ ಸರ್ಕಾರದ ಆಹಾರ ಸಂಶೋಧನಾಲಯದ ಮುಖ್ಯಸ್ಥೆಯಾಗಿ, ತತ್ತಿಯನ್ನು ಇಟ್ಟಲ್ಲಿಂದ ತಿನ್ನುವವರೆಗೆ ತಂಪಾಗಿ ಸಾಗಿಸುವ ಕ್ರಮಗಳನ್ನು ರೂಪಿಸಿದ್ದಳು. ಹೆಣ್ಣೆಂದು ತಿಳಿದರೆ ಕೆಲಸ ಕೊಡಲಾರರೆಂದು ಆಕೆಯ ಅರ್ಜಿಯನ್ನು ಎಂ. ಇ. ಪೆನ್ನಿಂಗ್ಟನ್ ಎಂಬ ಹೆಸರಿನಲ್ಲಿ ಸಲ್ಲಿಸಲಾಗಿತ್ತಂತೆ. ನನ್ನ ವಿದ್ಯಾರ್ಥಿನಿಯರು ಈ ಹೆಸರನ್ನು ನೆನಪಿನಲ್ಲಿಡಲಿ.

ಇನ್ನು ಗೇಯೋನನ ಸೂಚನೆ. 1980ರ ದಶಕದಲ್ಲಿ ಇಂಗ್ಲೆಂಡು, ಅಮೆರಿಕಗಳಲ್ಲಿ ಸಾಲ್ಮೊನೆಲ್ಲಾ ಎಂಟರಿಟಿಡಿಸ್ ಎಂಬ ರೋಗಾಣು ಹರಡಿತು. ಆರೋಗ್ಯವಂತವಾಗಿ ಕಾಣುವ ಕೋಳಿಯ ಒಡಲಿನಲ್ಲಿಯೇ ಅದು ತತ್ತಿಯನ್ನು ಸೇರುತ್ತಿತ್ತು. ಚಿಪ್ಪು ಶುಭ್ರ, ವಾಸನೆಯಿಲ್ಲ, ನೀರಿನಲ್ಲಿ ಹಾಕಿದರೆ ಕಲ್ಲಿನಂತೆ ಮುಳುಗುತ್ತದೆ. ಆದರೂ ತಿಂದವರಿಗೆ ವಾಂತಿಭೇದಿ. 1988ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಕಿರಿಯ ಆರೋಗ್ಯ ಸಚಿವೆ ಎಡ್ವಿನಾ ಕರಿ, ದೇಶದ ಬಹುಪಾಲು ತತ್ತಿ ಉತ್ಪಾದನೆಗೆ ಈ ಸೋಂಕು ತಗಲಿದೆಯೆಂದು ಹೇಳಿ, ದೊಡ್ಡ ಗದ್ದಲವೆದ್ದು, ಎರಡು ವಾರಗಳೊಳಗೆ ರಾಜೀನಾಮೆ ಕೊಡಬೇಕಾಯಿತು. ಮಾತು ಅತಿಯಾಗಿತ್ತು, ಅಪಾಯ ಸುಳ್ಳಾಗಿರಲಿಲ್ಲ. ಬಳಿಕ ಅಲ್ಲಿ ಕೋಳಿಗಳಿಗೆ ಲಸಿಕೆ ಹಾಕಿಸುವ ವ್ಯವಸ್ಥೆ ಬಂದು ರೋಗ ಬಹಳ ಕಡಿಮೆಯಾಯಿತು.

ಈ ಇತಿಹಾಸದಿಂದ ನಾವು ಕಲಿಯಬೇಕಾದುದು ಇಷ್ಟು: ಹಳೆಯದೆಲ್ಲ ಕೆಟ್ಟದ್ದಲ್ಲ, ಹೊಸದೆಲ್ಲ ನಿರಪಾಯವೂ ಅಲ್ಲ. ಆದುದರಿಂದ ಶಾಲೆಯ ಅಡುಗೆಮನೆಯಲ್ಲಿ ನೀರಿನ ಬೋಗುಣಿಯೊಂದನ್ನೇ ನಂಬಿ ಕೂರಬಾರದು.

ನನ್ನ ವಿದ್ಯಾರ್ಥಿನಿಗೆ, ಅವಳಂತೆಯೇ ಈ ಹೊಣೆ ಹೊತ್ತಿರುವ ಇತರರಿಗೆ, ನಾನು ಹೇಳುವುದು ಹೀಗೆ. ತತ್ತಿ ಬಂದ ದಿನವೇ ಬಿರುಕು ಬಿಟ್ಟವುಗಳನ್ನೂ ಹೊಲಸು ಮೆತ್ತಿದವುಗಳನ್ನೂ ಬೇರೆ ಮಾಡಿ ಹಿಂದಿರುಗಿಸಬೇಕು. ಒಡೆದ ಗೋಡೆಯ ಕೋಟೆಯನ್ನು ಕಾಯುವುದು ಸಾಧ್ಯವಿಲ್ಲ. ಉಳಿದವುಗಳನ್ನು ತೊಳೆಯದೆ, ನೆರಳಿನ ತಂಪು ಜಾಗದಲ್ಲಿ, ದಪ್ಪ ತುದಿ ಮೇಲಾಗಿ ಇಡಬೇಕು. ತೊಳೆದರೆ ಚಿಪ್ಪಿನ ಮೇಲಿನ ರಕ್ಷಕ ಲೇಪ ಹೋಗುತ್ತದೆ. ಬೆಚ್ಚಗಿನ ತತ್ತಿಯನ್ನು ತಣ್ಣೀರಿಗೆ ಹಾಕಿದರೆ ಒಳಗಿನ ದ್ರವ ಕುಗ್ಗಿ ಹೊರಗಿನ ನೀರನ್ನು ರೋಗಾಣುಗಳ ಸಮೇತ ಒಳಗೆಳೆದುಕೊಳ್ಳುತ್ತದೆ. ಅದೇ ಕಾರಣದಿಂದ ನೀರಿನ ಪರೀಕ್ಷೆಯನ್ನು ಕುದಿಸುವ ಮುನ್ನ ಮಾತ್ರ ಮಾಡಬೇಕು, ಮಾಡಿ ಮತ್ತೆ ಎತ್ತಿಡಬಾರದು. ತಳದಲ್ಲಿ ನಿಂತ ತತ್ತಿ ವಯಸ್ಸಾದದ್ದು, ಅಂದೇ ಬಳಸಬಹುದು. ತೇಲಿದ್ದು ಕೊಳೆತೇ ಇರಬೇಕೆಂದಿಲ್ಲ. ಆದರೂ ಮಕ್ಕಳ ವಿಷಯದಲ್ಲಿ ಆ ಸಂಶಯದ ಲಾಭವನ್ನು ತತ್ತಿಗೆ ಕೊಡಬಾರದು. ಬಿಳಿ, ಹಳದಿ ಎರಡೂ ಪೂರ್ತಿ ಗಟ್ಟಿಯಾಗುವಂತೆ ಕುದಿಸಬೇಕು. ಕಾಣದ ರೋಗಾಣುವಿಗೆ ಅದೊಂದೇ ಮದ್ದು. ಕುದಿಸಿದ ಮೇಲೆ ತತ್ತಿಗೆ ತನ್ನ ಕಾವಲು ಉಳಿದಿರುವುದಿಲ್ಲ. ಬೆಳಿಗ್ಗೆ ಕುದಿಸಿ ಮಧ್ಯಾಹ್ನದವರೆಗೆ ಸೆಕೆಯಲ್ಲಿ ಇಡದೆ, ಊಟದ ಹೊತ್ತಿಗೇ ಸಿದ್ಧಪಡಿಸಬೇಕು. ಸುಲಿದಾಗ ವಾಸನೆ ಬಂದರೆ, ಎಣಿಕೆ ಕಡಿಮೆಯಾದರೂ ಚಿಂತೆಯಿಲ್ಲ, ಎಸೆಯಬೇಕು. ಆದರೆ ಹಳದಿಯ ಸುತ್ತ ಹಸಿರು ಛಾಯೆಯ ಉಂಗುರ ಕಂಡರೆ ಗಾಬರಿ ಬೇಡ. ಹೆಚ್ಚು ಹೊತ್ತು ಕುದಿಸಿದಾಗ ಬಿಳಿಯ ಗಂಧಕವೂ ಹಳದಿಯ ಕಬ್ಬಿಣವೂ ಕೂಡಿ ಆಗುವ ಬಣ್ಣ ಅದು, ಕೆಟ್ಟ ಗುರುತಲ್ಲ.

ಇಷ್ಟನ್ನೂ ಮರುದಿನ ಕರೆ ಮಾಡಿ ಅವಳಿಗೆ ಹೇಳಿದೆ. ಎಲ್ಲವನ್ನೂ ಬರೆದುಕೊಂಡು, "ಇದನ್ನ ಅಡಿಗಿ ಅಕ್ಕಾರಿಗೂ ಓದಿ ಹೇಳ್ತೀನ್ರಿ, ಗುರುಜಿ" ಎಂದಳು. ಅವರಿಂದಲೂ ಕೇಳಿ ತಿಳಿಯಲು ಹೇಳಿದೆ. ದಿನವೂ ನೂರಾರು ತತ್ತಿಗಳನ್ನು ಕೈಯಲ್ಲಿ ಹಿಡಿಯುವ ಆ ತಾಯಂದಿರಿಗೆ, ಸಂತೆಯ ಹೆಣ್ಣುಮಕ್ಕಳಿಗೆ ತಿಳಿದಿದ್ದಂತೆ, ನಮಗೆ ತಿಳಿಯದ ಎಷ್ಟೋ ಸಂಗತಿಗಳು ತಿಳಿದಿರುತ್ತವೆ. ನಾವಿಬ್ಬರೂ ಇಂದಿಗೂ ತತ್ತಿ ತಿನ್ನುವವರಲ್ಲ. ಆದರೆ ನಮ್ಮನ್ನು ನಂಬಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮಗುವಿನ ಮುಂದೆ ಆ ಮಾತು ಅಪ್ರಸ್ತುತ. ತಾನು ಉಣ್ಣದಿದ್ದರೂ ಬಡಿಸುವುದನ್ನು ಅರಿತು ಬಡಿಸಬೇಕಾದುದು ಧರ್ಮ.