ನೌಕರಿಯ ಜೊತೆಗೆ ವಕೀಲಿಕೆ: ನಮ್ಮ ಸೀಮೆಯ ಒಂದು ಹಳೆಯ ದಾರಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕೂ ಹುಣಸೂರು ಉಪವಿಭಾಗಕ್ಕೆ ಸೇರಿದ ಹಳೆಯ ತಾಲ್ಲೂಕುಗಳು. ಖಾತೆ, ಪಹಣಿಗಳ ವಿಚಾರದಲ್ಲಿ ತಹಸೀಲ್ದಾರರ ಆದೇಶ ಒಪ್ಪಿಗೆಯಾಗದವರು ಮೇಲ್ಮನವಿ ಹಿಡಿದು ಹುಣಸೂರಿನ ಉಪವಿಭಾಗಾಧಿಕಾರಿಗಳ ಮುಂದೆ ನಿಲ್ಲುವುದು ವಾಡಿಕೆ. ಹೀಗಾಗಿ ನಮ್ಮ ಹಳ್ಳಿಗರಿಗೆ ಕಾನೂನೆಂದರೆ ಪುಸ್ತಕಕ್ಕಿಂತ ಹೆಚ್ಚಾಗಿ ಕೈಯಲ್ಲಿ ಹಿಡಿದ ಕಾಗದ. ಆ ಕಾಗದವನ್ನು ಓದಿ ಹೇಳಬಲ್ಲವರಿಗೆ ಊರಿನಲ್ಲಿ ಸದಾ ಮರ್ಯಾದೆ ಇತ್ತು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಬೆಂಗಳೂರು, ಮೈಸೂರುಗಳಲ್ಲಿ ನೌಕರಿ ಮಾಡುತ್ತಲೇ ಕಾನೂನಿನ ಕಡೆಗೆ ಮುಖ ಮಾಡಿದ್ದಾರೆ. ದೊಡ್ಡ ಕಾನೂನು ಸಂಸ್ಥೆಗಳು ನಡೆಸುವ 'ಅಸೆಸ್‌ಮೆಂಟ್ ಸೆಂಟರ್' ಎಂಬ ದಿನವಿಡೀ ಪರೀಕ್ಷೆಗೆ ಹೇಗೆ ಸಿದ್ಧರಾಗಬೇಕೆಂದು ಕೇಳುತ್ತಾರೆ. ನಾನು ವಕೀಲನಲ್ಲ, ಚರಿತ್ರೆಯ ಮೇಷ್ಟರು. ಆದ್ದರಿಂದ ನನಗೆ ತಿಳಿದ ಚರಿತ್ರೆಯ ಮೂಲಕವೇ ಉತ್ತರ ಹೇಳುತ್ತೇನೆ.

ಮೈಸೂರು ಸಂಸ್ಥಾನದಲ್ಲಿ ಚೀಫ್ ಕೋರ್ಟು ಸ್ಥಾಪನೆಯಾದದ್ದು 1884ರಲ್ಲಿ. ಅದು ಹೈಕೋರ್ಟೆನಿಸಿದ್ದು 1930ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿಯೇ ಹುಟ್ಟಿದರೂ, ಸಂಸ್ಥಾನದೊಳಗೆ ಕಾನೂನು ಕಾಲೇಜೊಂದು ಬರಲು 1948ರವರೆಗೆ, ಅಂದರೆ ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು ಆರಂಭವಾಗುವವರೆಗೆ, ಕಾಯಬೇಕಾಯಿತು. ಅಲ್ಲಿಯವರೆಗೆ ಪದವಿ ಬೇಕೆಂದವರು ಮದರಾಸಿಗೋ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಬಿ.ಎಂ.ಶ್ರೀಕಂಠಯ್ಯನವರು ಮದರಾಸಿನಲ್ಲಿ ಬಿ.ಎಲ್. ಮಾಡಿದರು. ಎಸ್.ನಿಜಲಿಂಗಪ್ಪನವರೂ ಕೆಂಗಲ್ ಹನುಮಂತಯ್ಯನವರೂ ಪುಣೆಯಲ್ಲಿ ಕಾನೂನು ಓದಿದರು. ಪರವೂರಿನಲ್ಲಿ ವರ್ಷಗಟ್ಟಲೆ ಇರಿಸಿ ಓದಿಸುವ ಶಕ್ತಿ ನಮ್ಮ ತಾಲ್ಲೂಕುಗಳ ಎಷ್ಟು ಮನೆಗಳಿಗಿತ್ತು? ಉಳಿದ ಬುದ್ಧಿವಂತರು ವಕೀಲರ ಗುಮಾಸ್ತರಾಗಿ, ಪತ್ರ ಬರಹಗಾರರಾಗಿ, ಶಾನುಭೋಗರ ಸಹಾಯಕರಾಗಿ ಕಾನೂನಿನ ಹೊರಜಗಲಿಯಲ್ಲಿಯೇ ಆಯಸ್ಸು ಕಳೆದರು.

ಸ್ವಾತಂತ್ರ್ಯಾನಂತರ ಮೈಸೂರಿನಲ್ಲಿಯೇ ಕಾನೂನು ಕಾಲೇಜುಗಳಾದವು. ರಾಜ್ಯದ ಅನೇಕ ಊರುಗಳಲ್ಲಿ ಬೆಳಗಿನ, ಸಂಜೆಯ ತರಗತಿಗಳು ನಡೆಯುತ್ತಿದ್ದವು. ಸಂಬಳ ಬಿಡಲಾಗದ ಮನೆಯ ಹಿರಿಯ ಮಗನಿಗೆ ಇದು ಹೊಸ ಬಾಗಿಲು. ಉಪಾಧ್ಯಾಯರು, ಕಂದಾಯ ಇಲಾಖೆಯ ಗುಮಾಸ್ತರು, ಬ್ಯಾಂಕಿನವರು ಈ ಬಾಗಿಲಿನಿಂದ ಒಳಹೊಕ್ಕರು. ಕೃಷ್ಣರಾಜನಗರದಲ್ಲಿ ನನ್ನ ಜೊತೆಗಿದ್ದ ಉಪಾಧ್ಯಾಯರೊಬ್ಬರು ಶಾಲೆ ಬಿಟ್ಟ ಕೂಡಲೇ ಮೈಸೂರಿನ ರೈಲು ಹಿಡಿಯುತ್ತಿದ್ದರು. ಹೋಗುವಾಗ ಮಕ್ಕಳ ಉತ್ತರಪತ್ರಿಕೆ ತಿದ್ದುವುದು, ಬರುವಾಗ ಕರಾರು ಕಾಯಿದೆ ಓದುವುದು ಅವರ ಕ್ರಮ. ಬೋಗಿಯ ದೀಪ ಮಂಕಾಗಿದ್ದ ದಿನ ಓದಿದ್ದನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದರಂತೆ. ಎದುರು ಕೂತ ಹೊಗೆಸೊಪ್ಪಿನ ರೈತನೊಬ್ಬ ಒಮ್ಮೆ, "ಯಾವ ದೇವರ ಸ್ತೋತ್ರ ಸ್ವಾಮಿ ಇದು?" ಎಂದು ಕೇಳಿದನೆಂದು ನಗುತ್ತಾ ಹೇಳಿದ್ದರು.

ಅದೇ ಕಾಲದಲ್ಲಿ ಭೂಸುಧಾರಣೆ ಬಂತು. ನಮ್ಮ ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ತಿದ್ದುಪಡಿಯಾದ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿದಾರರು ಏಳನೇ ನಮೂನೆಯ ಅರ್ಜಿ ಹಾಕಿಕೊಂಡು ಭೂನ್ಯಾಯ ಮಂಡಳಿಯ ಮುಂದೆ ಹಾಜರಾಗಬೇಕು. ಮಂಡಳಿಯ ಮುಂದೆ ವಕೀಲರು ವಾದಿಸುವಂತಿಲ್ಲವೆಂದು ಕಾಯಿದೆಯೇ ಹೇಳಿತ್ತು. ಹಣವಂತ ಜಮೀನ್ದಾರನ ವಕೀಲನೆದುರು ಗೇಣಿದಾರ ಸೋಲಬಾರದೆಂಬುದು ಅದರ ಆಶಯವೆಂದು ನಾವೆಲ್ಲ ತಿಳಿದಿದ್ದೆವು. ಆ ನಿಷೇಧ ಸಿಂಧುವಲ್ಲವೆಂದು ಸುಪ್ರೀಂ ಕೋರ್ಟು 1987ರಲ್ಲಿ ಹೇಳಿತಾದರೂ, ಅಷ್ಟರಲ್ಲಿ ಎಷ್ಟೋ ಪ್ರಕರಣಗಳು ಮುಗಿದಿದ್ದವು. ನನ್ನ ಆ ಸಹೋದ್ಯೋಗಿಯಂಥವರು ಭಾನುವಾರಗಳಂದು ಗೇಣಿದಾರರನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಪಹಣಿ, ಗೇಣಿ ರಸೀತಿಗಳನ್ನು ವರ್ಷಾನುಕ್ರಮದಲ್ಲಿ ಜೋಡಿಸಿಕೊಟ್ಟು, "ಕೇಳಿದ್ದಕ್ಕಷ್ಟೇ ಉತ್ತರ ಹೇಳಪ್ಪ, ಕತೆ ಹೇಳಬೇಡ" ಎಂದು ತಿದ್ದಿ ಕಳುಹಿಸುತ್ತಿದ್ದರು. ದಾಖಲೆ ಓದುವುದು, ಕಕ್ಷಿಗಾರನ ಮಾತು ಆಲಿಸುವುದು, ಗೊಂದಲದಿಂದ ಸಾರ ಹಿಂಡುವುದು – ವಕೀಲನ ಈ ಮೂರು ಮುಖ್ಯ ಕೆಲಸಗಳನ್ನೂ ಅವರು ಪದವಿಗೆ ಮುಂಚೆಯೇ ಕಲಿತಿದ್ದರು.

ಮುಂದೆ ಈ ಬಾಗಿಲು ಕಿರಿದಾಗುತ್ತಾ ಬಂತು. 1961ರ ವಕೀಲರ ಕಾಯಿದೆಯ ಪ್ರಕಾರ 1967ರ ಮಾರ್ಚ್ 12ರ ನಂತರ ಮೂರು ವರ್ಷದ ವ್ಯಾಸಂಗ ಕಡ್ಡಾಯವಾಯಿತು. ಪೂರ್ಣಾವಧಿ ಸಂಬಳದ ನೌಕರನು ವಕೀಲಿ ವೃತ್ತಿ ನಡೆಸಕೂಡದೆಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ಪರಿಷತ್ತಿನ 2008ರ ಶಿಕ್ಷಣ ನಿಯಮಗಳು ಶೇಕಡಾ 70ರಷ್ಟು ಹಾಜರಾತಿಯನ್ನು ವಿಧಿಸಿ, ಪೂರ್ಣ ವಸತಿ ಕಾಲೇಜುಗಳಲ್ಲದ ಕಡೆ ತರಗತಿಗಳನ್ನು ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ ಸೀಮಿತಗೊಳಿಸಿದವು. 2011ರಿಂದ ಅಖಿಲ ಭಾರತ ವಕೀಲರ ಪರೀಕ್ಷೆಯೂ ಸೇರಿತು. 2024ರ ಸೆಪ್ಟೆಂಬರಿನ ಸುತ್ತೋಲೆಯೊಂದು, ಓದುವಾಗ ನೌಕರಿಯಲ್ಲಿದ್ದವರು ಅದನ್ನು ಘೋಷಿಸಿ ನಿರಾಕ್ಷೇಪಣಾ ಪತ್ರ ತೋರಿಸಬೇಕೆಂದು ಹೇಳಿತು. ಗುಣಮಟ್ಟ ಕಾಯುವುದು ಇವುಗಳ ಉದ್ದೇಶ. ಅದನ್ನು ನಾನು ಅಲ್ಲಗಳೆಯಲಾರೆ. ಹಾಜರಾತಿ ಪುಸ್ತಕದಲ್ಲಷ್ಟೇ ಕಾಲೇಜಿಗೆ ಹೋಗಿಬಂದವನು ಯಾರ ಜಮೀನನ್ನು ಉಳಿಸಿಯಾನು? ಆದರೆ ರೈಲಿನಲ್ಲಿ ಓದಿದ ಪ್ರಾಮಾಣಿಕರಿಗೂ ಈ ನಿಯಮಗಳಿಂದ ದಾರಿ ಕಷ್ಟವಾಯಿತೆಂಬುದು ಅಷ್ಟೇ ನಿಜ.

ಇಂಗ್ಲೆಂಡಿನಲ್ಲಿ ನಡೆದದ್ದು ಬೇರೆ. ಅಲ್ಲಿ 2021ರಿಂದ ಜಾರಿಗೆ ಬಂದ ಸಾಲಿಸಿಟರ್ ಅರ್ಹತಾ ವ್ಯವಸ್ಥೆಯಲ್ಲಿ ಎರಡು ವರ್ಷದ ಕಾನೂನು ಕೆಲಸದ ಅನುಭವ ಬೇಕು. ಅದನ್ನು ನಾಲ್ಕು ಸಂಸ್ಥೆಗಳವರೆಗೆ ಹಂಚಿಕೊಂಡು ಪಡೆಯಬಹುದು. ವಕೀಲರ ಸಹಾಯಕನಾಗಿ ದುಡಿದದ್ದೂ ಲೆಕ್ಕಕ್ಕೆ ಬರಬಹುದು. ದುಡಿಮೆಯನ್ನೇ ಅಲ್ಲಿ ಓದಿನ ಭಾಗವಾಗಿಸಿದ್ದಾರೆ. ನಮ್ಮಲ್ಲಿಯೂ ಈ ಬಗ್ಗೆ ಯೋಚಿಸಬೇಕೆಂದು ನನ್ನ ಅಭಿಪ್ರಾಯ.

ಇನ್ನು ಅಸೆಸ್‌ಮೆಂಟ್ ಸೆಂಟರಿನ ವಿಷಯ. ಹೆಸರು ಕೇಳಿ ಹೆದರಬೇಡಿ. ಅಭ್ಯರ್ಥಿಗಳಿಗೆ ಬೇರೆ ಬೇರೆ ಕೆಲಸ ಕೊಟ್ಟು ಹಲವರು ಕೂತು ಅಳೆಯುವ ಈ ಪದ್ಧತಿ ಹುಟ್ಟಿದ್ದು ಸೈನ್ಯದಲ್ಲಿ. ಎರಡು ಮಹಾಯುದ್ಧಗಳ ನಡುವೆ ಜರ್ಮನರು ಬಳಸಿದ ಕ್ರಮವನ್ನು 1942ರಲ್ಲಿ ಬ್ರಿಟಿಷರು ತಮ್ಮ ಅಧಿಕಾರಿಗಳ ಆಯ್ಕೆಗೆ ಅಳವಡಿಸಿಕೊಂಡರು. ಮರುವರ್ಷ ಅದು ಡೆಹರಾಡೂನಿಗೆ ಬಂತು. ಅಮೆರಿಕದ ಟೆಲಿಫೋನ್ ಕಂಪನಿಯೊಂದು 1956ರಲ್ಲಿ ಅದನ್ನು ವ್ಯಾಪಾರ ಪ್ರಪಂಚಕ್ಕೆ ತಂದಿತು. ನಮ್ಮ ಮೈಸೂರಿನಲ್ಲಿಯೇ ವಾಯುಪಡೆಯ ಆಯ್ಕೆ ಮಂಡಳಿ ಇದೆ. ಅಲ್ಲಿ ನಡೆಯುವ ಗುಂಪು ಚರ್ಚೆ, ಗುಂಪು ಕಾರ್ಯ, ಸಂದರ್ಶನಗಳೂ ಇದೇ ವಂಶದವು. ಕಾನೂನು ಸಂಸ್ಥೆಗಳು ಇವುಗಳಿಗೆ ಕಡತ ಓದಿ ಟಿಪ್ಪಣಿ ಬರೆಯುವುದು, ಸಂಧಾನ ಮಾಡುವುದು ಮುಂತಾದವನ್ನು ಸೇರಿಸುತ್ತವೆ.

ನೌಕರಿ ಮಾಡುವವರಿಗೆ ತಯಾರಿಗೆ ಸಮಯವಿಲ್ಲವೆಂಬ ಕೊರಗು ಸಹಜ. ಆದರೆ ತಯಾರಿಯ ಅರ್ಧ ಭಾಗ ನಿಮ್ಮ ಮೇಜಿನ ಮೇಲೆಯೇ ಇದೆ. ದಿನವೂ ಕಛೇರಿಯ ಯಾವುದಾದರೊಂದು ಉದ್ದನೆಯ ಪತ್ರವನ್ನು ಅರ್ಧ ಪುಟಕ್ಕೆ ಇಳಿಸಿ ಬರೆಯಿರಿ: ವಿಷಯವೇನು, ತಕರಾರೇನು, ಮುಂದೇನು. ಕಛೇರಿಯ ಗುಟ್ಟು ಮಾತ್ರ ಕಛೇರಿಯಲ್ಲೇ ಇರಲಿ; ಅದೂ ವಕೀಲನ ಮೊದಲ ಪಾಠವೇ. ಸಭೆಯಲ್ಲಿ ಇನ್ನೊಬ್ಬರ ಮಾತನ್ನು ಮುಗಿಯುವವರೆಗೆ ಕೇಳಿ, "ತಾವು ಹೇಳಿದ್ದು ಹೀಗಲ್ಲವೇ?" ಎಂದು ಖಚಿತಪಡಿಸಿಕೊಂಡು ಆಮೇಲೆ ಭಿನ್ನಾಭಿಪ್ರಾಯ ಹೇಳಿ. ಗುಂಪು ಚರ್ಚೆಯಲ್ಲಿ ಗಟ್ಟಿ ಗಂಟಲಿಗಿಂತ ಈ ಸಂಯಮಕ್ಕೆ ಬೆಲೆ ಹೆಚ್ಚು. ವಾರಕ್ಕೊಮ್ಮೆ ಗೆಳೆಯರೊಬ್ಬರ ಮುಂದೆ ಗಡಿಯಾರವಿಟ್ಟುಕೊಂಡು ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಡಿ. ಕನ್ನಡ ಮಾಧ್ಯಮದವರ ಅಳುಕು ಅಭ್ಯಾಸದಿಂದಲೇ ಹೋಗಬೇಕು. ಸಂದರ್ಶನದಲ್ಲಿ "ಕೆಲಸವಿದ್ದರೂ ಇಲ್ಲಿಗೇಕೆ ಬಂದಿರಿ?" ಎಂದರೆ ನೌಕರಿಯನ್ನು ಮರೆಮಾಚಬೇಡಿ, ಅದು ಕಲಿಸಿದ ಒಂದು ನಿಜವಾದ ಸಂಗತಿಯನ್ನು ಹೇಳಿ. ಪರೀಕ್ಷೆಯ ಹಿಂದಿನ ದಿನ ರಜೆ ಹಾಕಿ, ಚೆನ್ನಾಗಿ ನಿದ್ರಿಸಿ.

ನನ್ನ ಆ ಸಹೋದ್ಯೋಗಿ ನಿವೃತ್ತರಾದ ಮೇಲೆಯೇ ಸನ್ನದು ಪಡೆದು ಕರಿಕೋಟು ಹಾಕಿದರು. ಕೆಲವೇ ವರ್ಷ ವಕೀಲಿ ಮಾಡಿದರೂ ಹಳ್ಳಿಯಿಂದ ಬಂದವರ ಕಾಗದಗಳನ್ನು ಪೂರ್ತಿ ಓದದೆ ಶುಲ್ಕದ ಮಾತೆತ್ತುತ್ತಿರಲಿಲ್ಲ. ನಿಮಗೆ ಅಷ್ಟು ಕಾಯುವ ಅಗತ್ಯ ಬಾರದಿರಲಿ. ಯಾರಾದರೂ ಆಯ್ಕೆಯಾದರೆ ಒಂದು ಪತ್ರ ಬರೆಯಿರಿ; ಆಗದಿದ್ದರೂ ಬರೆಯಿರಿ.