ಇತಿಹಾಸದ ವಿದ್ಯಾರ್ಥಿಗೆ ಜರ್ಮನ್ ಭಾಷೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ದೃಷ್ಟಿಯಿಂದ ಒಂದು ವಿವೇಚನೆ

1

ವಿದೇಶೀ ಭಾಷೆಯೊಂದನ್ನು ಕಲಿಯುವುದು ಸಾರ್ಥಕವೇ ಎಂಬ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿರಲಾರದು. ವ್ಯಾಪಾರಕ್ಕೆಂದು ಕಲಿಯುವವನ ಲೆಕ್ಕ ಒಂದು. ಯಂತ್ರಶಾಸ್ತ್ರದ ಉನ್ನತ ವ್ಯಾಸಂಗಕ್ಕೆಂದು ಜರ್ಮನಿಗೆ ಹೊರಟವನ ಲೆಕ್ಕ ಇನ್ನೊಂದು. ಅವರ ಲಾಭನಷ್ಟಗಳನ್ನು ಅವರೇ ತೂಗಿ ನೋಡಿಕೊಳ್ಳಬಲ್ಲರು. ಈ ಲೇಖನದಲ್ಲಿ ನಾವು ವಿಚಾರಮಾಡಬಯಸುವುದು ಇತಿಹಾಸದ ವಿದ್ಯಾರ್ಥಿಯ ವಿಷಯವನ್ನು ಮಾತ್ರ. ಅದರಲ್ಲಿಯೂ ತುಮಕೂರು ಜಿಲ್ಲೆಯ ಉತ್ತರ ಮತ್ತು ಈಶಾನ್ಯ ಭಾಗಗಳಿಂದ ಬರುವ ವಿದ್ಯಾರ್ಥಿಯ ವಿಷಯವನ್ನು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿವೆ. ಮಳೆ ಕಡಮೆಯಾದ ಈ ಸೀಮೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಕನ್ನಡದಲ್ಲಿಯೇ ಓದಿ ಕಾಲೇಜಿಗೆ ಬಂದವರು. ಪಾವಗಡದ ಕಡೆಯ ಅನೇಕರಿಗೆ ಮನೆಯ ಮಾತು ತೆಲುಗು. ಶಿರಾ ಪಟ್ಟಣದಲ್ಲಿ ಉರ್ದು ಮಾತನಾಡುವ ಮನೆಗಳೂ ಉಂಟು. ಇಂಗ್ಲಿಷನ್ನು ಇವರು ಶ್ರಮಪಟ್ಟು ಸಂಪಾದಿಸುತ್ತಾರೆ. ಇಂಥವರಿಗೆ ಇನ್ನೂ ಒಂದು ಭಾಷೆಯ ಹೊರೆಯನ್ನು ಹೊರಿಸುವ ಮುನ್ನ, ಅದರಿಂದ ದೊರೆಯುವುದೇನು ಎಂಬುದನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸುವುದು ಅಧ್ಯಾಪಕರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

2

ಮೊದಲು ಈ ಸೀಮೆಯ ಇತಿಹಾಸದ ಆಕರಗಳು ಯಾವ ಯಾವ ಭಾಷೆಗಳಲ್ಲಿವೆ ಎಂಬುದನ್ನು ನೋಡೋಣ. ಇಲ್ಲಿಯ ಶಿಲಾಶಾಸನಗಳು ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟದಲ್ಲಿ 1904ರಲ್ಲಿ ಪ್ರಕಟವಾದುವು. ಪಾವಗಡ ತಾಲ್ಲೂಕಿನ ನಿಡುಗಲ್ಲು ಒಂದು ಚೋಳ ಮನೆತನದ ರಾಜಧಾನಿಯಾಗಿದ್ದುದು ತಿಳಿದುಬರುವುದು ಇಂಥ ಶಾಸನಗಳಿಂದ. ಇವನ್ನು ಓದಲು ಬೇಕಾದುದು ಹಳಗನ್ನಡ ಮತ್ತು ಸಂಸ್ಕೃತ. ಶಿರಾ 1687ರಿಂದ ಮೊಗಲರ ಒಂದು ಸುಬೆಯ ಮುಖ್ಯ ಪಟ್ಟಣವಾಯಿತು. 1757ರಲ್ಲಿ ಮರಾಠರ ವಶವಾಗಿ, 1761ರಲ್ಲಿ ಹೈದರಾಲಿಯ ಕೈಸೇರಿತು; ಮುಂದೆಯೂ ಕೆಲಕಾಲ ಮರಾಠರಿಗೂ ಮೈಸೂರಿಗೂ ನಡುವೆ ಕೈಬದಲಾಯಿಸುತ್ತಿತ್ತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ರಾಣಿ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟುದು ಮಧುಗಿರಿಯ ದುರ್ಗದಲ್ಲಿ; 1767ರಲ್ಲಿ ಆಕೆಯನ್ನು ಬಿಡಿಸಿದವರು ಮರಾಠರು. ಈ ಕಾಲದ ಚರಿತ್ರೆಯನ್ನು ಬರೆಯಬೇಕಾದವನಿಗೆ ಪಾರಸಿ ಮತ್ತು ಮರಾಠಿ, ವಿಶೇಷವಾಗಿ ಮೋಡಿ ಲಿಪಿಯ ಕಾಗದಪತ್ರಗಳು, ಅನಿವಾರ್ಯ.

ಕ್ರೈಸ್ತ ಮಿಷನರಿಗಳ ದಾಖಲೆಗಳಲ್ಲಿಯಾದರೂ ಜರ್ಮನ್ ಭಾಷೆಗೆ ಸ್ಥಾನವಿರಬಹುದೆಂದು ಊಹಿಸುವವರುಂಟು. ಬಾಸೆಲ್ ಮಿಷನ್ನಿನವರ ಕಾರ್ಯಕ್ಷೇತ್ರ ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಕೊಡಗುಗಳ ಕಡೆಗೆ ಇದ್ದಿತು. ತುಮಕೂರು, ಗುಬ್ಬಿಗಳಲ್ಲಿ ನೆಲೆಯೂರಿದವರು ವೆಸ್ಲಿಯನ್ ಮಿಷನ್ನಿನವರು. ಅವರ ಬರಹಗಳು ಇಂಗ್ಲಿಷಿನಲ್ಲಿವೆ. ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಸ್ಥಳೀಯ ಚರಿತ್ರೆಯ ಮೂಲ ಆಕರಗಳ ಸಾಲಿನಲ್ಲಿ ಜರ್ಮನ್ ಭಾಷೆಗೆ ಮುಂಗಡೆಯ ಸ್ಥಾನವಿಲ್ಲವೆಂದು ಸ್ಪಷ್ಟವಾಗಿಯೇ ಹೇಳಬೇಕಾಗುತ್ತದೆ. ಹಳಗನ್ನಡವನ್ನು ಓದಲಾರದವನು ಜರ್ಮನ್ ಕಲಿಯಹೊರಡುವುದು, ಬೇಲಿಯನ್ನು ಹಾಕದೆ ಕಾವಲುಗಾರನನ್ನು ಹುಡುಕಿದಂತೆ.

3

ಜರ್ಮನ್ ಭಾಷೆಯ ಪರವಾಗಿ ಸಾಮಾನ್ಯವಾಗಿ ಹೂಡುವ ವಾದವೊಂದಿದೆ. ಕನ್ನಡಕ್ಕೆ ಮಹೋಪಕಾರ ಮಾಡಿದ ಪಾಶ್ಚಾತ್ಯರಲ್ಲಿ ಅನೇಕರು ಜರ್ಮನರು. ಆದುದರಿಂದ ಅವರ ಕೃತಿಗಳನ್ನು ಅರಿಯಲು ಜರ್ಮನ್ ಬೇಕು ಎಂಬುದು ಆ ವಾದ. ಇದರ ಪೂರ್ವಾರ್ಧ ಸತ್ಯ. ಉತ್ತರಾರ್ಧ ಅಷ್ಟಾಗಿ ನಿಲ್ಲುವುದಿಲ್ಲ. ಫರ್ಡಿನಂಡ್ ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚುಮಾಡಿಸಿದ ನಿಘಂಟು ಕನ್ನಡ–ಇಂಗ್ಲಿಷ್ ನಿಘಂಟು. 1903ರ ಅವರ ವ್ಯಾಕರಣವೂ ಇಂಗ್ಲಿಷಿನಲ್ಲಿದೆ. ಬಸವಪುರಾಣ, ಚನ್ನಬಸವಪುರಾಣಗಳನ್ನು ಹೊರಗಿನವರಿಗೆ ಪರಿಚಯಮಾಡಿಸಿದ ವೂರ್ತ್ ಅವರೂ ಇಂಗ್ಲಿಷಿನಲ್ಲಿಯೇ ಬರೆದರು. ಪಾವಗಡಕ್ಕೆ ಉತ್ತರದಲ್ಲಿರುವ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳನ್ನು 1892ರಲ್ಲಿ ರೈಸರು ಕಂಡುಹಿಡಿದರು. ‘ಎಪಿಗ್ರಾಫಿಯ ಇಂಡಿಕ’ದಲ್ಲಿ ಇವನ್ನು ಸಂಪಾದಿಸಿದವರು ವಿಯೆನ್ನಾದ ಪ್ರಾಧ್ಯಾಪಕ ಗೆಯೋರ್ಗ್ ಬ್ಯೂಲರು; 1925ರಲ್ಲಿ ಅಶೋಕನ ಸಮಸ್ತ ಶಾಸನಗಳನ್ನು ಒಂದೆಡೆ ತಂದವರು ಹುಲ್ಟ್ಸ್ ಅವರು. ಈ ಎರಡೂ ಇಂಗ್ಲಿಷ್ ಕೃತಿಗಳೇ. ಹೀಗಿರುವಾಗ ಕಿಟ್ಟೆಲರ ಹೆಸರನ್ನು ಮುಂದೊಡ್ಡಿ ಜರ್ಮನ್ ಕಲಿಯಿರೆಂದು ವಿದ್ಯಾರ್ಥಿಗಳಿಗೆ ಹೇಳುವುದು ನ್ಯಾಯವಲ್ಲ.

4

ಹಾಗಾದರೆ ಜರ್ಮನ್ ಭಾಷೆಯಲ್ಲಿ ಮಾತ್ರ ದೊರೆಯುವುದು ಯಾವುದು? ಇದನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಇಲ್ಲಿದ್ದು ದುಡಿದವರು ತಮ್ಮ ದೇಶದವರಿಗಾಗಿ ಬರೆದುದು. ವೈಗ್ಲೆ ಅವರು ಕನ್ನಡ ಭಾಷೆ ಮತ್ತು ಸಾಹಿತ್ಯವನ್ನು ಕುರಿತು ಬರೆದ ಪ್ರಬಂಧ 1848ರಲ್ಲಿ ಜರ್ಮನ್ ಪ್ರಾಚ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ‘ಮಂಗಳೂರ ಸಮಾಚಾರ’ದ ಸ್ಥಾಪಕ ಹರ್ಮನ್ ಮೋಗ್ಲಿಂಗರು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದು, 1860ರಿಂದ ಅದೇ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೊಡಗಿನ ಬಗ್ಗೆ ಅವರು 1855ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಬರೆದಿದ್ದರು; ಆದರೆ 1866ರಲ್ಲಿ ಬಾಸೆಲಿನಲ್ಲಿ ಅಚ್ಚಾದ, ವೈಟ್‌ಬ್ರೆಖ್ಟ್ ಅವರೊಡನೆ ಬರೆದ ಜರ್ಮನ್ ಗ್ರಂಥ ಬೇರೆಯದೇ. ಲಿಂಗಪೂಜೆಯ ಮೂಲವನ್ನು ಕುರಿತ ಕಿಟ್ಟೆಲರ ಪ್ರಬಂಧವಂತೂ 1876ರಲ್ಲಿ ಜರ್ಮನ್ ಭಾಷೆಯಲ್ಲಿಯೇ, ಆದರೆ ಮಂಗಳೂರಿನಲ್ಲಿ ಮುದ್ರಿತವಾಯಿತು. ಇವುಗಳಿಗೆ ಬಾಸೆಲಿನ ಪತ್ರಾಗಾರದಲ್ಲಿರುವ ಕಾಗದಗಳನ್ನೂ ವರದಿಗಳನ್ನೂ ಸೇರಿಸಬೇಕು. ಅಚ್ಚಾದ ಇಂಗ್ಲಿಷ್ ಗ್ರಂಥದಲ್ಲಿ ಕಾಣುವುದು ವಿದ್ವಾಂಸನ ನಿರ್ಣಯ. ಮನೆಗೆ ಬರೆದ ಕಾಗದದಲ್ಲಿ ಕಾಣುವುದು ಆ ನಿರ್ಣಯಕ್ಕೆ ಬರುವ ಮುನ್ನ ಅವನು ಕಂಡ ಜನ, ಕೇಳಿದ ಮಾತು, ಪಟ್ಟ ಸಂದೇಹ. ಇತಿಹಾಸಕಾರನಿಗೆ ಎರಡೂ ಬೇಕು.

ಎರಡನೆಯದು, ಹೈದರ್ ಮತ್ತು ಟಿಪ್ಪು ಸುಲ್ತಾನರ ಕಾಲಕ್ಕೆ ಸಂಬಂಧಿಸಿದುದು. 1779ರಲ್ಲಿ ಮದರಾಸಿನ ಗವರ್ನರನ ಕೋರಿಕೆಯಂತೆ ಶ್ರೀರಂಗಪಟ್ಟಣಕ್ಕೆ ಬಂದು ಹೈದರನನ್ನು ಕಂಡ ಪಾದ್ರಿ ಕ್ರಿಸ್ಟಿಯನ್ ಫ್ರೀಡ್ರಿಖ್ ಷ್ವಾರ್ಟ್ಸ್ ಜರ್ಮನಿಯವನು. ಅವನಿದ್ದ ಮಿಷನ್ನಿನ ವರದಿಗಳು ಹಾಲೆ ನಗರದಲ್ಲಿ ಜರ್ಮನ್ ಭಾಷೆಯಲ್ಲಿ ಅಚ್ಚಾಗುತ್ತಿದ್ದುವು. ಎರಡನೆಯ ಮೈಸೂರು ಯುದ್ಧದ ಕಾಲದಲ್ಲಿ ಹಾನೋವರಿನ ಎರಡು ರೆಜಿಮೆಂಟುಗಳು ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಮದರಾಸಿಗೆ ಬಂದು, 1783ರ ಕಡಲೂರು ಕಾಳಗದಲ್ಲಿ ಪಾಲ್ಗೊಂಡುವು. ಹಾಲೆಯ ಪ್ರಾಧ್ಯಾಪಕ ಷ್ಪ್ರೆಂಗೆಲ್ ಎಂಬುವನು ಹೈದರ್ ಮತ್ತು ಟಿಪ್ಪುವನ್ನು ಕುರಿತು ಬರೆದ ಗ್ರಂಥ 1801ರಲ್ಲಿ ವೈಮಾರಿನಲ್ಲಿ ಪ್ರಕಟವಾಯಿತು. ಇದು ಪ್ರತ್ಯಕ್ಷದರ್ಶಿಯ ಬರಹವಲ್ಲ. ಮೈಸೂರಿನ ಘಟನೆಗಳಿಗಿಂತ ಹೆಚ್ಚಾಗಿ, ಮೈಸೂರನ್ನು ಕುರಿತು ಯೂರೋಪು ಏನನ್ನು ತಿಳಿದಿತ್ತು ಎಂಬುದಕ್ಕೆ ಸಾಕ್ಷಿ. ಆ ಮಟ್ಟಿಗೆ ಇದು ಉಪಯುಕ್ತವೇ.

ಮೂರನೆಯದು, ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಭಾರತೀಯ ಶಾಸ್ತ್ರಗ್ರಂಥಗಳನ್ನು ಕುರಿತ ಜರ್ಮನ್ ಪಾಂಡಿತ್ಯ. ಇದಕ್ಕೆ ಮೈಸೂರಿನಲ್ಲಿಯೇ ಹುಟ್ಟಿದ ಉದಾಹರಣೆಯೊಂದುಂಟು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಒಪ್ಪಿಸಿದ ಓಲೆಯ ಪ್ರತಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಗ್ರಂಥ ಬೆಳಕಿಗೆ ಬಂದುದು ಮೈಸೂರಿನಲ್ಲಿ. ಅದರ ಕಾಲ ಕರ್ತೃತ್ವಗಳನ್ನು ಕುರಿತ ಮಹಾವಾದ ಬಹುಮಟ್ಟಿಗೆ ನಡೆದುದು ಜರ್ಮನ್ ಭಾಷೆಯಲ್ಲಿ. ಹಿಲ್ಲೆಬ್ರಾಂಟರು 1908ರಲ್ಲಿಯೇ ಈ ಬಗ್ಗೆ ಬರೆದರು. ಹರ್ಮನ್ ಯಾಕೋಬಿಯವರು 1911–12ರ ಲೇಖನಗಳಲ್ಲಿ ಇದು ಚಂದ್ರಗುಪ್ತ ಮೌರ್ಯನ ಮಂತ್ರಿಯ ಕೃತಿಯೇ ಎಂಬ ಪಕ್ಷವನ್ನು ಹಿಡಿದರು, ಯೊಲ್ಲಿಯವರು ಒಪ್ಪಲಿಲ್ಲ. ಓಟ್ಟೋ ಷ್ಟೈನರು ಮೆಗಾಸ್ತನೀಸನ ವರ್ಣನೆಯನ್ನು ಕೌಟಿಲ್ಯನ ಮಾತುಗಳೊಡನೆ ಒಂದೊಂದಾಗಿ ಹೋಲಿಸಿ, ಇವೆರಡೂ ಹೊಂದುವುದಿಲ್ಲವೆಂದು ವಾದಿಸಿದರು. ಮೇಯರರ ಜರ್ಮನ್ ಅನುವಾದ 1926ರಲ್ಲಿಯೂ, ಷಾರ್ಫೆಯವರ ಅಧ್ಯಯನ 1968ರಲ್ಲಿಯೂ ಬಂದುವು.

ಇದಕ್ಕೂ ನಮ್ಮ ಸೀಮೆಗೂ ಏನು ಸಂಬಂಧವೆಂದು ಕೇಳಬಹುದು. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯನ್ನಾಗಲಿ, ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗವನ್ನಾಗಲಿ, ಪಾವಗಡದ ಗಿರಿದುರ್ಗವನ್ನಾಗಲಿ ಕುರಿತು ಪ್ರಬಂಧ ಬರೆಯುವ ವಿದ್ಯಾರ್ಥಿ ಮೊದಲು ಮಾಡುವ ಕೆಲಸವೆಂದರೆ, ಜಲದುರ್ಗ, ಪರ್ವತದುರ್ಗ, ಮರುದುರ್ಗ, ವನದುರ್ಗ ಎಂಬ ಅರ್ಥಶಾಸ್ತ್ರದ ವಿಭಾಗವನ್ನು ಉದಾಹರಿಸುವುದು. ಕ್ರಿಸ್ತಪೂರ್ವ 4ನೆಯ ಶತಮಾನದಿಂದ ಪಾಳೆಯಗಾರರ ಕಾಲದವರೆಗೆ ಒಂದೇ ದುರ್ಗಶಾಸ್ತ್ರ ಅವಿಚ್ಛಿನ್ನವಾಗಿ ನಡೆದುಬಂದಿತೆಂದು ಅವನು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತಾನೆ. ಆ ಗ್ರಂಥವು ಕ್ರಿಸ್ತಶಕದ ಮೊದಲ ಶತಮಾನಗಳದ್ದಾಗಿದ್ದರೆ ಆ ವಾಕ್ಯದ ಗತಿಯೇನು? ಶಾಸ್ತ್ರಗ್ರಂಥದ ವಿಧಿಯನ್ನು ನಿಜವಾದ ರಾಜ್ಯಾಡಳಿತದ ವರ್ಣನೆಯೆಂದು ಭಾವಿಸಬಹುದೇ? ಇವೇ ಪ್ರಶ್ನೆಗಳನ್ನು ಆ ವಿದ್ವಾಂಸರು ಕೇಳಿದುದು. ಇಂಗ್ಲಿಷ್ ಗ್ರಂಥಗಳಲ್ಲಿ ನಮಗೆ ಸಿಕ್ಕುವುದು ಸಾಮಾನ್ಯವಾಗಿ ಅವರ ತೀರ್ಮಾನಗಳ ಸಂಗ್ರಹ. ತೀರ್ಮಾನವನ್ನು ಮಾತ್ರ ಬಲ್ಲವನು ಅದನ್ನು ಒಪ್ಪಬಹುದು, ಬಿಡಬಹುದು, ಪರೀಕ್ಷಿಸಲಾರ.

ಅನುವಾದವಾಗುವವರೆಗೆ ಕಾದರಾಯಿತೆಂದು ಕೆಲವರು ಹೇಳಬಹುದು. ಬ್ಯೂಲರರ ಭಾರತೀಯ ಲಿಪಿಶಾಸ್ತ್ರ 1896ರಲ್ಲಿ ಜರ್ಮನ್ ಭಾಷೆಯಲ್ಲಿ ಹೊರಬಂದಿತು. ಫ್ಲೀಟರು ಅದನ್ನು ಇಂಗ್ಲಿಷಿಗೆ ತಂದುದು 1904ರಲ್ಲಿ. ಅಷ್ಟು ಪ್ರಸಿದ್ಧವಾದ ಗ್ರಂಥಕ್ಕೇ ಎಂಟು ವರ್ಷ ಬೇಕಾಯಿತು. ವೈಗ್ಲೆಯವರ ಪ್ರಬಂಧದಂಥ ಬಿಡಿ ಬರಹಗಳಿಗೆ ಆ ಭಾಗ್ಯ ಸುಲಭವಾಗಿ ಒದಗುವುದಿಲ್ಲ.

5

ಕಲಿಯುವ ಶ್ರಮ ಎಷ್ಟು? ಕನ್ನಡಿಗನಿಗೆ ಈ ಭಾಷೆ ಕೆಲವೆಡೆ ಇಂಗ್ಲಿಷಿಗಿಂತ ಹತ್ತಿರವಾದುದು. ಅಧೀನವಾಕ್ಯಗಳಲ್ಲಿ ಕ್ರಿಯಾಪದ ಕನ್ನಡದಲ್ಲಿರುವಂತೆಯೇ ಕೊನೆಗೆ ಬರುತ್ತದೆ. ಪದಗಳನ್ನು ಪೋಣಿಸಿ ದೀರ್ಘ ಸಮಾಸಗಳನ್ನು ಮಾಡುವ ರೂಢಿ ಸಂಸ್ಕೃತವನ್ನು ಬಲ್ಲವನಿಗೆ ಹೊಸತಲ್ಲ. ಏಳು ವಿಭಕ್ತಿಗಳನ್ನು ಬಾಯಿಪಾಠ ಮಾಡಿದವನಿಗೆ ನಾಲ್ಕು ವಿಭಕ್ತಿಗಳು ಭಾರವಾಗವು. ತೊಡಕಿರುವುದು ಲಿಂಗದಲ್ಲಿ: ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಜರ್ಮನ್‌ನಲ್ಲಿ ಶಬ್ದವನ್ನು ಅನುಸರಿಸುತ್ತದೆ. ಹಳೆಯ ಮುದ್ರಣದ ಫ್ರಾಕ್ಟೂರ್ ಅಕ್ಷರಗಳು ಕೆಲವು ವಾರಗಳ ಅಭ್ಯಾಸದಿಂದ ವಶವಾಗುತ್ತವೆ. ಕೈಬರಹದ ಕಾಗದಗಳ ಕುರೆಂಟ್ ಲಿಪಿ ಮಾತ್ರ ನಿಜವಾಗಿ ಕಠಿನವಾದುದು. ಜರ್ಮನಿಯ ಶಾಲೆಗಳಲ್ಲಿಯೇ 1941ರ ತರುವಾಯ ಅದು ಬಿಟ್ಟುಹೋಯಿತು. ಆದರೆ ಮೋಡಿಯನ್ನು ಓದಬಲ್ಲವನು ಇದಕ್ಕೆ ಹೆದರಬೇಕಾಗಿಲ್ಲ. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪಾಠದ ಏರ್ಪಾಡಿದೆ. ಪಾವಗಡದ ವಿದ್ಯಾರ್ಥಿಗೆ ದಾರಿಯ ದೂರವೂ ಖರ್ಚೂ ಚಿಕ್ಕ ಮಾತಲ್ಲ ಎಂಬುದನ್ನು ಮರೆಯಬಾರದು.

ಈಗ ಯಂತ್ರವೇ ಅನುವಾದ ಮಾಡಿಕೊಡುತ್ತದೆಯಲ್ಲ ಎಂಬ ಮಾತೂ ಕೇಳಿಬರುತ್ತದೆ. ಪುಸ್ತಕದಲ್ಲಿ ಏನಿದೆಯೆಂದು ಹುಡುಕಿ ನೋಡಲು ಅದು ಒಳ್ಳೆಯ ಸಾಧನವೇ. ಆದರೆ ‘ವಿಸ್ಸೆನ್‌ಶಾಫ್ಟ್’ ಎಂಬ ಪದವನ್ನು ಇಂಗ್ಲಿಷಿನ ಮೂಲಕ ‘ವಿಜ್ಞಾನ’ವೆಂದು ತಂದರೆ, ಇತಿಹಾಸವನ್ನು ಜರ್ಮನರು ಆ ಹೆಸರಿನಿಂದ ಏಕೆ ಕರೆದರೆಂಬುದೇ ಅರ್ಥವಾಗದು, ಅದಕ್ಕೆ ಹತ್ತಿರವಾದುದು ನಮ್ಮ ‘ಶಾಸ್ತ್ರ’ ಎಂಬ ಪದ. ಎಲ್ಲಿ ಇಂಥ ಸಂದೇಹ ಹುಟ್ಟಬೇಕೆಂಬುದು ಭಾಷೆಯನ್ನು ಬಲ್ಲವನಿಗೆ ಮಾತ್ರ ಹೊಳೆಯುತ್ತದೆ.

6

ಮೇಲಿನ ವಿವೇಚನೆಯಿಂದ ಹೊರಡುವ ಅಭಿಪ್ರಾಯ ಇಷ್ಟು. ನಮ್ಮ ಸೀಮೆಯ ಇತಿಹಾಸದ ಪ್ರತಿಯೊಬ್ಬ ವಿದ್ಯಾರ್ಥಿಯೂ ಜರ್ಮನ್ ಕಲಿಯಬೇಕಾಗಿಲ್ಲ. ಶಾಸನಗಳಿಗೆ ಹಳಗನ್ನಡ ಸಂಸ್ಕೃತಗಳು, ಶಿರಾದ ಸುಬೆಗೆ ಪಾರಸಿ, ಮರಾಠರ ಕಾಲಕ್ಕೆ ಮೋಡಿ, ಇವು ಮೊದಲು. ಇವುಗಳಲ್ಲಿ ಒಂದರಲ್ಲಾದರೂ ಪರಿಶ್ರಮ ಪಡೆದು, ಸಂಶೋಧನೆಯನ್ನೇ ಜೀವನವೃತ್ತಿಯಾಗಿ ಆರಿಸಿಕೊಂಡವನಿಗೆ ಮಾತ್ರ ಜರ್ಮನ್ ಸಾರ್ಥಕ. ಪ್ರಾಚೀನ ರಾಜ್ಯಶಾಸ್ತ್ರ, ಲಿಪಿಶಾಸ್ತ್ರ, ಮಿಷನರಿ ಚರಿತ್ರೆ ಇವುಗಳನ್ನು ಕೈಗೊಂಡವನಿಗೆ ಅವಶ್ಯಕವೂ ಹೌದು.

ಒಬ್ಬೊಬ್ಬರಿಗೆ ದುಬಾರಿಯಾದುದು ಒಂದು ಸಮೂಹಕ್ಕೆ ದುಬಾರಿಯಲ್ಲ. ಒಂದೊಂದು ವಿಭಾಗದಲ್ಲಿ ಈ ಭಾಷೆಯನ್ನು ಚೆನ್ನಾಗಿ ಬಲ್ಲ ಒಬ್ಬರೋ ಇಬ್ಬರೋ ಇದ್ದು, ತಾವು ಓದಿದುದನ್ನು ನೇರವಾಗಿ ಕನ್ನಡಕ್ಕೆ ತಂದರೆ ಉಳಿದ ನೂರು ಮಂದಿಗೆ ಅದೇ ಸಾಕು. ವೈಗ್ಲೆ, ಮೋಗ್ಲಿಂಗ್, ಕಿಟ್ಟೆಲರು ನಮ್ಮ ಭಾಷೆಯನ್ನು ಕಲಿತು ತಮ್ಮವರಿಗೆ ಬರೆದರು. ಅವರು ಬರೆದುದು ಸರಿಯೇ ತಪ್ಪೇ ಎಂದು ಅವರ ಭಾಷೆಯಲ್ಲಿಯೇ ಓದಿ ಹೇಳಬಲ್ಲವರು ಕನ್ನಡಿಗರಲ್ಲಿ ಕೆಲವರಾದರೂ ಇರಬೇಕು. ಅಂಥವರಲ್ಲಿ ಒಬ್ಬರು ಮಧುಗಿರಿಯಿಂದಲೋ ಪಾವಗಡದಿಂದಲೋ ಬಂದರೆ, ಈ ನಾಲ್ಕು ತಾಲ್ಲೂಕುಗಳ ದುರ್ಗಗಳಿಗೆ ಸಲ್ಲಬೇಕಾದ ಚರಿತ್ರೆ ಹೆಚ್ಚು ಎಚ್ಚರದಿಂದ ಬರೆಯಲ್ಪಟ್ಟೀತು.